ಗದರಿಕೆ ಕೇಳುವವರ ಪ್ರಭೇದ ನಿರ್ಣಯ

ಜ್ಞಾನೋಕ್ತಿಗಳ 12ನೆಯ ಅಧ್ಯಾಯ ಮೊದಲ ವಚನದಲ್ಲೇ ಮನುಷ್ಯರನ್ನು ಎರಡು ಪಾಲು ಮಾಡಿ ಮುಗಿಸುತ್ತದೆ: ತಿದ್ದಿದರೆ ಒಪ್ಪುವವರು, ತಿದ್ದಿದರೆ ಸಿಡುಕುವವರು. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ನಿಂತು ನೋಡಿದವರಿಗೆ ಈ ಲೆಕ್ಕ ಸಾಲದು. ಆದಕಾರಣ ಈ ಶಾಸ್ತ್ರ.

ಎಲ್ಲೆಡೆ ಹೇರಳವಾಗಿ ಸಿಗುವುದು ಪರಾರ್ಥಶ್ರೋತೃ. ಪ್ರಸಂಗವನ್ನು ಇದು ಮೈಯೆಲ್ಲ ಕಿವಿಯಾಗಿ ಕೇಳುತ್ತದೆ, ಬೇರೆಯವರ ಪರವಾಗಿ. ಅಯ್ಯನವರು ಚಾಡಿಯ ವಿಷಯ ಎತ್ತಿದೊಡನೆ ಇದರ ಕತ್ತು ಮೂರನೇ ಬೆಂಚಿನ ಕಡೆ ತಿರುಗುತ್ತದೆ. ಬಾಗಿಲಲ್ಲಿ ಕೈಕುಲುಕುವಾಗ ಇದರ ಕೂಗು ಹೀಗೆ: “ಒಳ್ಳೇ ಮಾತು ಹೇಳಿದ್ರಿ ಅಯ್ಯನವರೇ, ಕೇಳಬೇಕಾದವರೇ ಇವತ್ತು ಬಂದಿಲ್ಲ ನೋಡಿ.”

ಅಹಾಬೀಯ ಕೊಂಚ ಮೇಲ್ದರ್ಜೆಯದು. ಗಿಲ್ಯಾದಿನ ರಾಮೋತಿನ ಯುದ್ಧಕ್ಕೆ ಮುನ್ನ ಸುಮಾರು 400 ಪ್ರವಾದಿಗಳು ಗೆಲುವು ನಿಮ್ಮದೇ ಎಂದರು. ಉಳಿದ ಮೀಕಾಯೆಹುವನ್ನು ಕರೆಸಲು ರಾಜ ಅಹಾಬನಿಗೆ ಮನಸ್ಸಿಲ್ಲ; ಆತ ತನ್ನ ಬಗ್ಗೆ ಎಂದೂ ಶುಭ ನುಡಿದವನಲ್ಲವಂತೆ. ಕರೆಸಿ ಕೇಳಿದ ಮೇಲೆ ಸೆರೆಗೆ ಹಾಕಿಸಿದ. ಸೆರೆಮನೆಯ ಸೌಕರ್ಯವಿಲ್ಲದ ಇಂದಿನ ಅಹಾಬೀಯರು ಸಭೆಯನ್ನೇ ಬದಲಿಸುತ್ತಾರೆ.

ಪಂಡಿತರನ್ನು ನಿಜಕ್ಕೂ ಕಾಡುವುದು ಸೌಲೀಯ, ದಾವೀದೀಯಗಳ ಭೇದ, ಏಕೆಂದರೆ ಕೂಗು ಒಂದೇ. ಪಾಪ ಮಾಡಿದೆನೆಂದು ಇಬ್ಬರೂ ಹೇಳಿದವರೇ. ಅಮಾಲೇಕ್ಯರ ಕುರಿಗಳು ಬೆನ್ನ ಹಿಂದೆ ಅರಚುತ್ತಿರುವಾಗಲೇ ಸೌಲ ಏನನ್ನೂ ಉಳಿಸಬಾರದೆಂಬ ಆಜ್ಞೆ ಪಾಲಿಸಿದ್ದೇನೆ ಅಂದ. ಈ ಅರಚಾಟ ಏನೆಂದು ಸಮುವೇಲ ಕೇಳಿದರೆ, ಜನ ಬಲಿಗೆಂದು ಉಳಿಸಿಕೊಂಡರು ಅಂದ. ಕೊನೆಗೂ ತಪ್ಪೊಪ್ಪಿಕೊಂಡು, ಬೆನ್ನಿಗೇ, ಹಿರಿಯರ ಮುಂದೆ ಮಾನ ಉಳಿಸು ಎಂದು ಬೇಡಿದ. ಇತ್ತ ನಾತಾನ ಬಡವನ ಒಂದೇ ಕುರಿಮರಿಯನ್ನು ಸಿರಿವಂತ ಕಿತ್ತುಕೊಂಡ ಕಥೆ ಹೇಳುತ್ತಿರುವಷ್ಟು ಹೊತ್ತೂ ದಾವೀದ ಅಪ್ಪಟ ಪರಾರ್ಥಶ್ರೋತೃ. ನಾಲ್ಕರಷ್ಟು ಕಟ್ಟಿಕೊಡಲಿ ಎಂದು ತೀರ್ಪನ್ನೂ ಕೊಟ್ಟುಬಿಟ್ಟ. ಆ ಸಿರಿವಂತ ನೀನೇ ಎಂದಾಗ ಒಪ್ಪಿಕೊಂಡ, ಸುಮ್ಮನಾದ. ಆದ್ದರಿಂದ ಸಂಶೋಧಕರು ತಪ್ಪೊಪ್ಪಿಗೆಯನ್ನು ಬಿಟ್ಟು ಅದರ ಮುಂದಿನ ವಾಕ್ಯಕ್ಕೆ ಕಿವಿಗೊಡತಕ್ಕದ್ದು. ಸಭಾ ಕಮಿಟಿಯಲ್ಲಿ “ತಪ್ಪಾಯ್ತು, ಆದ್ರೆ ಮಿನಿಟ್ಸ್‌ನಲ್ಲಿ ಬರೀಬೇಡಿ” ಎಂದು ಕೇಳಿಬಂದರೆ ಅದು ಸೌಲೀಯ; ಹೆಚ್ಚಿನ ಪರೀಕ್ಷೆ ಬೇಕಿಲ್ಲ.

ಅಪೊಲ್ಲೋಸೀಯ ಬಲು ವಿರಳ. ಅಲೆಕ್ಸಾಂದ್ರಿಯದ ವಾಕ್ಚತುರ ಅಪೊಲ್ಲೋಸನನ್ನು ಎಫೆಸದಲ್ಲಿ ತಿದ್ದಿದವರು ಗುಡಾರ ಮಾಡುವ ದಂಪತಿ, ಪ್ರಿಸ್ಕಿಲ್ಲ ಮತ್ತು ಅಕ್ವಿಲ; ಅದೂ ಪಕ್ಕಕ್ಕೆ ಕರೆದೊಯ್ದು. ಅಂಥ ತಿದ್ದುವವರ ಅಭಾವವೇ ಈ ಪ್ರಭೇದದ ಅಭಾವಕ್ಕೂ ಕಾರಣವೆಂದು ನನ್ನ ಗುಮಾನಿ.

ಪೇತ್ರ ಮಾತ್ರ ಕೈಗೆ ಸಿಗುವುದಿಲ್ಲ. ಅಂತಿಯೋಕ್ಯದಲ್ಲಿ ಅನ್ಯಜನರ ಪಂಕ್ತಿಯಿಂದ ಹಿಂಜರಿದ ಅವನನ್ನು ಪೌಲ ಎಲ್ಲರೆದುರಿಗೇ ತರಾಟೆಗೆ ತೆಗೆದುಕೊಂಡ. ಅವನೇನು ಉತ್ತರಿಸಿದನೆಂದು ಗಲಾತ್ಯದವರಿಗೆ ಬರೆದ ಪತ್ರ ತಿಳಿಸುವುದಿಲ್ಲ. ಪೇತ್ರನ ಎರಡನೆಯ ಪತ್ರ ಪೌಲನನ್ನು ಪ್ರಿಯ ಸಹೋದರನೆನ್ನುತ್ತದೆ ನಿಜ. ಆದರೆ ಮರುವಚನದಲ್ಲೇ ಅವನ ಬರಹದಲ್ಲಿ ಕೆಲವು ಅರ್ಥವಾಗುವುದು ಕಷ್ಟ ಎಂದೂ ಸೇರಿಸುತ್ತದೆ. ಆ ಪತ್ರ ಪೇತ್ರನದು ಹೌದೋ ಅಲ್ಲವೋ ಎಂದು ವಿದ್ವಾಂಸರು ಇನ್ನೂ ಜಗಳವಾಡುತ್ತಿರುವುದರಿಂದ ಸದ್ಯಕ್ಕೆ ಅವನನ್ನು ‘ಇತರೆ’ ವಿಭಾಗದಲ್ಲಿ ಇಡಲಾಗಿದೆ.