ಹರಿಗೋಲಿನ ಕಪ್ತಾನ

ತುಂಗಭದ್ರೆಯ ಎಡದಂಡೆಯ ಊರುಗಳಲ್ಲಿ ಶನಿವಾರ, ಭಾನುವಾರಗಳಂದು ಮಾತ್ರ ಪೂರ್ಣ ಲಕ್ಷಣಗಳೊಂದಿಗೆ ಗೋಚರಿಸುವ, ಉಳಿದ ಐದು ದಿನ ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕಪತ್ರಗಳಲ್ಲೋ ಕುಷ್ಟಗಿಯ ಬ್ಯಾಂಕಿನ ಕೌಂಟರಿನಲ್ಲೋ ಕೊಪ್ಪಳದ ಕಚೇರಿಯೊಂದರ ಕಡತಗಳ ನಡುವೆಯೋ ಯಾರ ಗಮನಕ್ಕೂ ಬಾರದಂತೆ ಕಾಲ ಕಳೆಯುವ ಗೃಹಸ್ಥರ ವರ್ಗವೊಂದಿದ್ದು, ಅದಕ್ಕೆ ಬೇರೆ ಹೆಸರು ರೂಢಿಗೆ ಬಾರದ ಕಾರಣ ಇಲ್ಲಿ ಅದರ ಪ್ರತಿನಿಧಿಯನ್ನು ಕಪ್ತಾನನೆಂದು ಕರೆಯಲಾಗಿದೆ. ವಾಟ್ಸಾಪ್ ಬಳಗವೊಂದರ ಅಡ್ಮಿನ್ ಆಗಿರುವುದು, ಅಗತ್ಯಕ್ಕೆ ಮೀರಿದ ಜೇಬುಗಳುಳ್ಳ ಪ್ಯಾಂಟು ತೊಡುವುದು, ಕೊರಳಿಗೆ ಸೀಟಿ ಕಟ್ಟಿಕೊಳ್ಳುವುದು ಮತ್ತು ಯಾವ ಊರಿಗೆ ಹೋದರೂ ಅಲ್ಲಿಯವರಿಗೇ ದಾರಿ ತೋರಿಸುವುದು ಇವನ ಮುಖ್ಯ ಲಕ್ಷಣಗಳು. ಈಜು ಬಾರದಿರುವುದು ಕಡ್ಡಾಯವಲ್ಲ, ಆದರೆ ಸಾಮಾನ್ಯ.

ಇವನು ಬಳಗಕ್ಕೆ ಸಾರುವ ಕಾರ್ಯಕ್ರಮದ ಶಿರೋನಾಮೆ ‘ನೌಕಾಯಾನ ಮತ್ತು ನಿಧಿ ಶೋಧ’ ಎಂದಿರುತ್ತದೆ. ಬಂಡೆಗುಡ್ಡಗಳ ನಡುವೆ ನೀರು ನಿಂತಿರುವ ಸಾಣಾಪುರದ ಕೆರೆಯೇ ಇವನ ಸಮುದ್ರವಾಗಿದ್ದು, ನೌಕೆಯ ಸ್ಥಾನದಲ್ಲಿ ಹರಿಗೋಲು, ಎಂದರೆ ಬಿದಿರಿನ ಸೀಳುಗಳನ್ನು ಹೆಣೆದು, ಹಿಂದೆ ತೊಗಲನ್ನೂ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರನ್ನೂ ಹೊದಿಸಿದ, ಹಾಯಿಯಾಗಲಿ ಚುಕ್ಕಾಣಿಯಾಗಲಿ ಇಲ್ಲದ ದುಂಡನೆಯ ದೋಣಿ ಇರುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಗೆ ದಾಟುವ ಇಂಥ ದೋಣಿಗಳನ್ನು ಕುರಿತು, 15-20 ಜನರನ್ನು ಹೊರಬಲ್ಲ ಇವು ಉಳಿದ ದೋಣಿಗಳಂತೆ ನೇರ ಸಾಗಲಾರದೆ ಸದಾ ಸುತ್ತುತ್ತಲೇ ಇರುತ್ತವೆಂದು ಬರೆದಿಟ್ಟಿದ್ದಾನೆ. ಐದು ಶತಮಾನಗಳ ತರುವಾಯವೂ ಈ ಮಾಹಿತಿ ಕಪ್ತಾನನಿಗೆ ತಲುಪಿದಂತಿಲ್ಲ. ದೋಣಿಯ ಮುಂಭಾಗದಲ್ಲಿಯೇ ತಾನು ಕೂರಬೇಕೆಂದು ಅವನು ಹಟ ಹಿಡಿಯುತ್ತಾನೆ. ಅಂಬಿಗನು ಹುಟ್ಟನ್ನು ನಾಲ್ಕು ಸಲ ಆಡಿಸುವುದರೊಳಗೆ ಆ ಮುಂಭಾಗವು ಹಿಂಭಾಗವಾಗಿ, ನಾಯಕನು ಅನುಯಾಯಿಯಾಗಿ, ಅವನು ‘ಎಡಕ್ಕೆ’ ಎಂದು ಆಜ್ಞಾಪಿಸುವ ಹೊತ್ತಿಗೆ ಆ ಎಡವು ಬಲವಾಗಿರುತ್ತದೆ. ಇದನ್ನು ಸರಿಪಡಿಸಲು ಅವನು ಎದ್ದು ನಿಲ್ಲುವುದುಂಟು. ಆಗ ಅಂಬಿಗನು ಬೀಡಿಯನ್ನು ಬಾಯಿಂದ ತೆಗೆಯದೆಯೇ “ಕುಂದರ್ರಿ ಸಾಹೇಬ್ರ, ತೆಪ್ಪ ಡಬ್ಬ ಬಿದ್ದೀತು” ಎನ್ನುತ್ತಾನೆ. ಇಡೀ ಯಾನದಲ್ಲಿ ತಕ್ಷಣ ಪಾಲನೆಯಾಗುವ ಆಜ್ಞೆ ಇದೊಂದೇ.

ಕಾರ್ಯಕ್ರಮದ ಉತ್ತರಾರ್ಧವು ಜಿಯೋಕ್ಯಾಶಿಂಗ್ ಎಂಬ ಆಟ. ಒಬ್ಬರು ಬಚ್ಚಿಟ್ಟ ಡಬ್ಬಿಯನ್ನು ಅದರ ಅಕ್ಷಾಂಶ-ರೇಖಾಂಶಗಳ ಮೇಲಿಂದ ಮತ್ತೊಬ್ಬರು ಹುಡುಕಿ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು, ಏನನ್ನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಹಾಕಿ, ಡಬ್ಬಿಯನ್ನು ಇದ್ದಲ್ಲಿಯೇ ಬಿಡುವುದು ಇದರ ಕ್ರಮ. ಅಮೆರಿಕ ಸರ್ಕಾರವು ನಾಗರಿಕರ ಜಿಪಿಎಸ್ ಸಂಕೇತದಲ್ಲಿ ತಾನೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ನಿಲ್ಲಿಸಿದ ಮರುದಿನವೇ ಡೇವ್ ಉಲ್ಮರ್ ಎಂಬಾತ ಆರಿಗನ್ ರಾಜ್ಯದಲ್ಲಿ ಒಂದು ಬಕೆಟ್ಟನ್ನು ಅಡಗಿಸಿ ಈ ಆಟಕ್ಕೆ ನಾಂದಿ ಹಾಡಿದನು. ಕಪ್ತಾನನ ಡಬ್ಬಿ ಸ್ಟೀಲಿನದು, ಮನೆಯವರ ಅನುಮತಿಯಿಲ್ಲದೆ ಅಡುಗೆಮನೆಯಿಂದ ತಂದದ್ದು. ನೆಲದಲ್ಲಿ ಹುದುಗಿದ್ದು 10 ರೂಪಾಯಿಗಿಂತ ಹೆಚ್ಚು ಬೆಲೆಬಾಳುವ ನಿಧಿ ಸಿಕ್ಕವನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುವುದರಿಂದ, ಆಟದ ನಿಯಮದಂತೆ ಡಬ್ಬಿಯನ್ನು ಹೂಳುವಂತೆಯೇ ಇಲ್ಲದಿದ್ದರೂ, ಅವನು ಮುಂಜಾಗ್ರತೆಯಾಗಿ ಒಂದು ಪೆನ್ನು ಮತ್ತು ನಾಲ್ಕು ಪೆಪ್ಪರ್‌ಮೆಂಟುಗಳನ್ನಿಟ್ಟು ಒಟ್ಟು ಬೆಲೆಯನ್ನು 9 ರೂಪಾಯಿಗೆ ನಿಲ್ಲಿಸಿರುತ್ತಾನೆ. ಡಬ್ಬಿಯ ಬೆಲೆಯನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ.

ಆದರೆ ಈ ಸೀಮೆಯಲ್ಲಿ ನಿಧಿ ಎಂಬುದು ಆಟದ ವಸ್ತುವಲ್ಲ. ತುಂಗಭದ್ರೆಯ ನಡುಗಡ್ಡೆಯಾದ ನವಬೃಂದಾವನದಲ್ಲಿ 2019ರ ಜುಲೈ ತಿಂಗಳಲ್ಲಿ ನಿಧಿಯ ಆಸೆಯಿಂದ ವ್ಯಾಸರಾಜರ ಬೃಂದಾವನವನ್ನೇ ಕೆಡವಿದ ಘಟನೆಯನ್ನು ಆನೆಗೊಂದಿಯವರು ಮರೆತಿಲ್ಲ. ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದಿನ ಜನ ಕಲ್ಲುಚಪ್ಪಡಿಗಳಿಂದ ಕಟ್ಟಿದ ಸಮಾಧಿಗಳನ್ನೂ ಅಗೆಯುವವರು ಬಿಟ್ಟಿಲ್ಲ. ಇಂಥ ಊರಿನ ಬಂಡೆಗಳ ಸಂದುಗಳಲ್ಲಿ ಟಾರ್ಚು ಬಿಡುತ್ತ, ಕಲ್ಲು ಸರಿಸುತ್ತ, ‘ಇನ್ನು ಮೂರೇ ಮೀಟರು’ ಎಂದು ಪಿಸುಗುಡುತ್ತ ಅಲೆಯುವ ಹನ್ನೆರಡು ಜನ ಪ್ಯಾಂಟುಧಾರಿಗಳನ್ನು ಕಂಡ ಕುರುಬನಿಗೆ ಏನನ್ನಿಸಬೇಕೋ ಅದೇ ಅನ್ನಿಸುತ್ತದೆ. ಡಬ್ಬಿ ಹುಡುಕುತ್ತಿದ್ದೇವೆ ಎಂದು ಕಪ್ತಾನನು ಸತ್ಯವನ್ನೇ ನುಡಿಯುತ್ತಾನೆ. ಡಬ್ಬಿಯೊಳಗೆ ಏನಿದೆ ಎಂಬ ಪ್ರಶ್ನೆಗೆ ಪೆಪ್ಪರ್‌ಮೆಂಟು ಎಂದೂ, ಇಟ್ಟವರು ಯಾರು ಎಂಬುದಕ್ಕೆ ನಾನೇ ಎಂದೂ, ಹಾಗಾದರೆ ಹುಡುಕುವುದೇಕೆ ಎಂಬುದಕ್ಕೆ ಇವರು ಹುಡುಕಲೆಂದು ಎಂದೂ ಉತ್ತರಿಸುವಷ್ಟರಲ್ಲಿ, ಕುರುಬನು ಊರಿನವರಿಗೆ ಫೋನು ಹಚ್ಚಿರುತ್ತಾನೆ. ವೃತ್ತಿಪರ ನಿಧಿಗಳ್ಳನೊಬ್ಬನು ಇಷ್ಟು ದುರ್ಬಲವಾದ ಸಬೂಬನ್ನು ಹೇಳುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಬಳಗವು ಪೊಲೀಸ್ ಠಾಣೆಯಿಂದ ಪಾರಾಗುತ್ತದೆ.

ಇಷ್ಟಾದರೂ ಡಬ್ಬಿ ಸಿಕ್ಕಿರುವುದಿಲ್ಲ. ಹೆಬ್ಬಂಡೆಗಳು ಉಪಗ್ರಹದ ಸಂಕೇತವನ್ನು ಮರೆಮಾಡುವುದರಿಂದಲೂ ಪ್ರತಿಫಲಿಸುವುದರಿಂದಲೂ ಫೋನಿನ ಬಾಣವು ಹರಿಗೋಲಿನ ಧರ್ಮವನ್ನೇ ಅನುಸರಿಸುತ್ತಿದ್ದು, ಬಚ್ಚಿಟ್ಟವನೇ ಜಾಗವನ್ನು ಮರೆತಿದ್ದರೂ ಹಾಗೆಂದು ಒಪ್ಪಿಕೊಳ್ಳುವುದು ಕಪ್ತಾನ ಪದವಿಗೆ ಸಲ್ಲದು. ಕೊನೆಗೆ ದಂಡೆಯಲ್ಲಿ ಬಾಡಿಗೆಗಾಗಿ ಕಾಯ್ದು ಬೇಸತ್ತ ಅಂಬಿಗನೇ ಗುಡ್ಡ ಹತ್ತಿ ಬಂದು, “ಸ್ಟೀಲ್ ಡಬ್ಬೀನ ಏನ್ರಿ? ಅದು ಆ ಗುಂಡಿನ ಹಿಂದ ಇತ್ತು, ಗುರುವಾರ ನೀವು ಇಡಾಕ ಹತ್ತಿದ್ದು ಹುಡುಗ್ರು ನೋಡ್ಯಾರ” ಎನ್ನುತ್ತಾನೆ. ತರಿಸಿ ತೆರೆದಾಗ ಪೆಪ್ಪರ್‌ಮೆಂಟುಗಳಿಗೆ ಬದಲಾಗಿ, ನಿಯಮಕ್ಕೆ ಸಂಪೂರ್ಣ ಅನುಗುಣವಾಗಿ, ನಾಲ್ಕು ಗೋಲಿಗಳಿರುತ್ತವೆ. ಪುಸ್ತಕದಲ್ಲಿ ದನಗಾಹಿ ಹುಡುಗರ ಹೆಸರುಗಳು ತರಗತಿಯ ಸಮೇತ ದಾಖಲಾಗಿರುತ್ತವೆ.

ಮುಂದಿನ ನೌಕಾಯಾನವು ತಮ್ಮ ಕಡೆಯೇ ಆಗಬೇಕೆಂದು ಮಳೆಯನ್ನೇ ನೆಚ್ಚಿದ ಕುಷ್ಟಗಿ ಮತ್ತು ಯಲಬುರ್ಗಾದ ಸದಸ್ಯರು ಪ್ರತಿ ಸಲವೂ ಬೇಡಿಕೆ ಇಡುತ್ತಾರೆ. ಕಪ್ತಾನನು ಅವರನ್ನು ನಿರಾಶೆಗೊಳಿಸುವವನಲ್ಲ. ಕೊಪ್ಪಳ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ಅಲ್ಲಿಯ ಕೆರೆಗಳಿಗೆ ಬಂದು ತುಂಬಿದ ವಾರವೇ ಯಾನವನ್ನು ಏರ್ಪಡಿಸುವುದಾಗಿ ಅವನು ಬಳಗದಲ್ಲಿ ಪ್ರಕಟಿಸಿ, ತಲಾ 500 ರೂಪಾಯಿ ಮುಂಗಡವನ್ನು ಈಗಾಗಲೇ ವಸೂಲು ಮಾಡಿರುತ್ತಾನೆ.