ಸೌಂಡ್‌ಕಾರ್ಡ್ ಲಕ್ಷಣಗ್ರಂಥ: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹ್ಯಾಮುಗಳ ಉಪಯೋಗಾರ್ಥ

ಆನೆಗೆ ಗಜಶಾಸ್ತ್ರ, ಕುದುರೆಗೆ ಅಶ್ವಶಾಸ್ತ್ರ, ಅಡುಗೆಗೆ ಸೂಪಶಾಸ್ತ್ರ ಬರೆದಿಟ್ಟ ನಾಡಿನಲ್ಲಿ ಸೌಂಡ್‌ಕಾರ್ಡಿಗೆ ಒಂದು ಲಕ್ಷಣಗ್ರಂಥ ಇಲ್ಲದಿರುವುದು ಪಂಡಿತರೆಲ್ಲ ತಲೆ ತಗ್ಗಿಸಬೇಕಾದ ಸಂಗತಿ. ಕಂಪ್ಯೂಟರನ್ನು ಹವ್ಯಾಸಿ ರೇಡಿಯೋಗೆ ಜೋಡಿಸಿ ಡಿಜಿಟಲ್ ಮೋಡಿನಲ್ಲಿ ಸಂಪರ್ಕ ಮಾಡುವ ವಿದ್ಯೆ ನಮ್ಮಲ್ಲಿ ಇನ್ನೂ ಬಾಯಿಪಾಠದಲ್ಲೇ ಇದೆ. ಬಲ್ಲವರನ್ನು ಕೇಳಿದರೆ "ಆ ಪಿನ್ ತೆಗೆದು ಈ ಕಡೆ ಹಾಕಿ ನೋಡಿ ಸ್ವಾಮಿ, ಆಗ್ಲಿಲ್ಲ ಅಂದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿ" ಎಂದು ಸೂತ್ರಪ್ರಾಯವಾಗಿ ಹೇಳಿ ಫೋನ್ ಇಟ್ಟುಬಿಡುತ್ತಾರೆ. ಸೂತ್ರ ಇದ್ದ ಮೇಲೆ ಭಾಷ್ಯ ಬೇಕಲ್ಲ? ಅದಕ್ಕೇ ಈ ಪ್ರಯತ್ನ. ವ್ಯಾಪ್ತಿ ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಿಗೆ ಸೀಮಿತ. ಹೊಸದುರ್ಗ, ಅರಸೀಕೆರೆಯವರು ತಂತಮ್ಮ ಗದ್ದಲಕ್ಕೆ ತಾವೇ ಶಾಸ್ತ್ರ ಬರೆದುಕೊಳ್ಳತಕ್ಕದ್ದು.

ಗ್ರಂಥಕ್ಕೆ ಅಧಿಕಾರಿ ಯಾರು ಎಂಬುದನ್ನು ಮೊದಲೇ ನಿರ್ಣಯಿಸುವುದು ಶಿಷ್ಟಾಚಾರ. ಕೇಂದ್ರ ದೂರಸಂಪರ್ಕ ಇಲಾಖೆಯ ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸು ಮಾಡಿ, ವಿಯು2 ಅಥವಾ ವಿಯು3 ಎಂದು ಶುರುವಾಗುವ ಕಾಲ್‌ಸೈನ್ ಪಡೆದ ಹ್ಯಾಮುಗಳು ಪೂರ್ಣಾಧಿಕಾರಿಗಳು. ಅರ್ಜಿ ಹಾಕಿ ಕಾಯುತ್ತಿರುವವರು ಅರ್ಧಾಧಿಕಾರಿಗಳು. ಇವರು ಓದಬಹುದು, ಬೆಸುಗೆ ಹಾಕಬಹುದು, ಪ್ರಸಾರದ ಗುಂಡಿ ಮುಟ್ಟುವಂತಿಲ್ಲ. ತೆಂಗಿನ ಮರಗಳ ನಡುವೆ ಕಟ್ಟಿದ ಆಂಟೆನಾವನ್ನು ಬಟ್ಟೆ ಒಣಗಿಸುವ ತಂತಿ ಎಂದು ತಿಳಿದಿರುವ ಮನೆಯವರಿಗೆ ಈ ಗ್ರಂಥ ನಿಷಿದ್ಧವೇನಲ್ಲ, ನಿಷ್ಪ್ರಯೋಜಕ ಅಷ್ಟೆ.

ನಾದ ಪ್ರಕರಣ

ರೇಡಿಯೋಗೆ ಬೇಕಾದದ್ದು ಮೈಕಿನ ದಾರಿಯಲ್ಲಿ ಬರುವ ಒಂದು ಸದ್ದು. ಅದು ಗಂಟಲಿನಿಂದ ಹೊರಟದ್ದೋ ಕಂಪ್ಯೂಟರಿನಿಂದ ಹೊರಟದ್ದೋ ಎಂದು ರೇಡಿಯೋ ವಿಚಾರಿಸುವುದಿಲ್ಲ. ಇಡೀ ಶಾಸ್ತ್ರ ನಿಂತಿರುವುದು ಈ ಔದಾಸೀನ್ಯದ ಮೇಲೆ. ತಂತ್ರಾಂಶ ಕೊಟ್ಟ ಅಂಕಿಯನ್ನು ಸ್ವರ ಮಾಡಿ ಕಳಿಸುವುದು, ಬಂದ ಸ್ವರವನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿ ಮಾಡಿ ತಂತ್ರಾಂಶಕ್ಕೆ ಒಪ್ಪಿಸುವುದು, ಇವೆರಡೇ ಸೌಂಡ್‌ಕಾರ್ಡಿನ ಕೆಲಸ.

ಸ್ವರಗಳಲ್ಲಿ ಹಿರಿಯದು ಆರ್‌ಟಿಟಿವೈ. ಟೆಲಿಪ್ರಿಂಟರ್ ಕಾಲದ್ದು, 170 ಹರ್ಟ್ಸ್ ಅಂತರದ ಎರಡೇ ಸ್ವರ, ಸಂಜೆಯ ಜೀರುಂಡೆಯ ಹಾಗೆ ಬಿಡದೆ ಕಿರುಗುಟ್ಟುತ್ತದೆ. ಎರಡನೆಯದು ಪಿಎಸ್‌ಕೆ31, ಇಂಗ್ಲೆಂಡಿನ ಪೀಟರ್ ಮಾರ್ಟಿನೆಜ್ 1998ರಲ್ಲಿ ಇದರ ತಂತ್ರಾಂಶ ಹಂಚಿದ ಮೇಲೆಯೇ ಮನೆಮನೆಯ ಸೌಂಡ್‌ಕಾರ್ಡ್ ರೇಡಿಯೋದ ಕಡೆ ತಿರುಗಿ ನೋಡಿದ್ದು. ಇಬ್ಬರು ಕೂತು ಟೈಪು ಮಾಡುತ್ತ ಹರಟುವಷ್ಟು ವೇಗ, ಸುಮಾರು 31 ಹರ್ಟ್ಸ್ ಜಾಗ, ಕೇಳಲು ಒಂದೇ ಸಮನೆ ನಡುಗುವ ಶಿಳ್ಳೆ. ಚಿತ್ರ ಕಳಿಸುವ ಎಸ್‌ಎಸ್‌ಟಿವಿ ಪ್ರತ್ಯೇಕ ಜಾತಿ. ಅಂತರಿಕ್ಷ ನಿಲ್ದಾಣದಿಂದ ಆಗಾಗ 145.800 ಮೆಗಾಹರ್ಟ್ಸಿನಲ್ಲಿ ಚಿತ್ರ ಬಿಡುತ್ತಾರೆ. ಶಾಲಾ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ.

ಈಗ ರಾಜ್ಯವಾಳುತ್ತಿರುವುದು ಎಫ್‌ಟಿ8. ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್, ಸ್ಟೀವ್ ಫ್ರಾಂಕೆ ಜತೆ ಸೇರಿ 2017ರಲ್ಲಿ ಬಿಟ್ಟದ್ದು. ನಿಮಿಷವನ್ನು ಹದಿನೈದು ಸೆಕೆಂಡಿನ ನಾಲ್ಕು ಪಾಲು ಮಾಡಿ, ಒಂದು ಪಾಲು ನೀನು ಹೇಳು, ಮುಂದಿನದು ನಾನು ಹೇಳುತ್ತೇನೆ ಎಂಬ ಒಪ್ಪಂದ. ಪ್ರತಿ ಸರದಿಯಲ್ಲಿ 12.64 ಸೆಕೆಂಡು ಎಂಟು ಸ್ವರಗಳ ಆಲಾಪ. ಜಾಗ 50 ಹರ್ಟ್ಸ್. ಕಿವಿಗೆ ಬರೀ ಹಿಸ್ಸೆಂದು ಕೇಳುವ ಕಡೆಯಲ್ಲೂ ಇದು ಕಾಲ್‌ಸೈನ್ ಹೆಕ್ಕಿ ಕೊಡುತ್ತದೆ. ಇದಕ್ಕೆ ಪೂರ್ವಪಕ್ಷ: "ಊರು ಯಾವುದು, ಮಳೆ ಹೇಗಿದೆ ಎಂದು ಕೇಳದೆ ಅದೆಂಥ ಸಂಪರ್ಕ?" ಪೂರ್ವಪಕ್ಷದಲ್ಲಿ ಹುರುಳಿದೆ. ಎಫ್‌ಟಿ8ರಲ್ಲಿ ಮಳೆಯ ವಿಚಾರಕ್ಕೆ ಜಾಗವಿಲ್ಲ. ಮಾತು ಬೇಕಾದವರು ಪಿಎಸ್‌ಕೆ31 ಹಿಡಿಯಲಿ. ಸಣ್ಣ ಪವರಿನಲ್ಲಿ ಜಪಾನು, ಬ್ರೆಜಿಲ್ಲು ಬೇಕಾದವರು ಇದನ್ನು ಹಿಡಿಯಲಿ.

ಪೆಟ್ಟಿಗೆ ಪ್ರಕರಣ

ಸೌಂಡ್‌ಕಾರ್ಡುಗಳಲ್ಲಿ ಉತ್ತಮ, ಮಧ್ಯಮ, ಅಧಮ ಎಂದು ಮೂರು ಬಗೆ. ರೇಡಿಯೋದ ಹೊಟ್ಟೆಯಲ್ಲೇ ಇದ್ದು ಒಂದೇ ಯುಎಸ್‌ಬಿ ವೈರಿನಲ್ಲಿ ಕೆಲಸ ಮುಗಿಸುವುದು ಉತ್ತಮ. ಐಕಾಂ 7300 ಇದಕ್ಕೆ ಉದಾಹರಣೆ. ಅದನ್ನು ಕೊಂಡವರಿಗೆ ಈ ಗ್ರಂಥ ಬೇಕಿಲ್ಲ, ಬ್ಯಾಂಕಿನ ಸಾಲಪತ್ರ ಓದಿಕೊಂಡರೆ ಸಾಕು. ಕಂಪ್ಯೂಟರಿನಲ್ಲೇ ಇರುವುದು ಮಧ್ಯಮ. ಹಳೆಯ ಡೆಸ್ಕ್‌ಟಾಪಿನ ಹಿಂದೆ ಗುಲಾಬಿ ತೂತು ಮೈಕಿಗೆ, ನೀಲಿ ಲೈನ್‌ಇನ್‌ಗೆ, ಹಸಿರು ಸ್ಪೀಕರಿಗೆ ಎಂದು ಬಣ್ಣಭೇದವಿತ್ತು. ಲ್ಯಾಪ್‌ಟಾಪ್ ಬಂದ ಮೇಲೆ ಮೂರೂ ಐಕ್ಯವಾಗಿ ಒಂದೇ ತೂತಾಯಿತು; ಅದಕ್ಕೆ ಲೋಹದ ನಾಲ್ಕು ಪಟ್ಟೆಯ ಪಿನ್ನೇ ಬೇಕು, ಮೂರು ಪಟ್ಟೆಯದನ್ನು ತುರುಕಿದರೆ ಮೈಕು ಇದೆಯೆಂದೇ ಅದು ಒಪ್ಪುವುದಿಲ್ಲ. ಹೆಬ್ಬೆಟ್ಟಿನ ಗಾತ್ರದ, ಅಗ್ಗದ ಯುಎಸ್‌ಬಿ ಸೌಂಡ್‌ಕಾರ್ಡು ಅಧಮ.

ನಮ್ಮ ಸಿದ್ಧಾಂತದಲ್ಲಿ ಈ ಅಧಮವೇ ಸರ್ವೋತ್ತಮ. ಒಂದು, ಸುಟ್ಟರೆ ದುಃಖವಿಲ್ಲ. ಎರಡು, ಲ್ಯಾಪ್‌ಟಾಪಿನ ಸ್ವಂತ ಸದ್ದುಗಳೆಲ್ಲ ಅದರ ಸ್ಪೀಕರಿನಲ್ಲೇ ಉಳಿದು, ರೇಡಿಯೋದ ಪಾಲಿಗೆ ಈ ಕಾರ್ಡು ಮಾತ್ರ ಮೀಸಲಾಗುತ್ತದೆ. ಹಾಗೆ ಮೀಸಲಿಡದವರ ಮನೆಯಿಂದ ಬ್ಯಾಟರಿ ಲೋ ಎಂಬ ಗಂಟೆ, ಮೆಸೇಜು ಬಂದ ಟಿಂಗ್, ಮಗು ಒತ್ತಿದ ಸಿನಿಮಾ ಹಾಡು ಎಲ್ಲ 14.074 ಮೆಗಾಹರ್ಟ್ಸಿನಲ್ಲಿ ಸಮುದ್ರ ದಾಟುತ್ತವೆ. ಹವ್ಯಾಸಿ ಬ್ಯಾಂಡಿನಲ್ಲಿ ಹಾಡು ಪ್ರಸಾರ ಲೈಸೆನ್ಸಿನ ನಿಯಮಕ್ಕೆ ವಿರುದ್ಧ. ಮಗು ಒತ್ತಿತು ಎಂಬುದು ಸಮಾಧಾನವಾಗುವುದಿಲ್ಲ.

ತಂತಿ ಪ್ರಕರಣ

ಇದು ಕೈಯಲ್ಲಿ ಮಾಡಿ ಕಲಿಯಬೇಕಾದದ್ದು. ಕಾರ್ಡಿನ ಇಯರ್‌ಫೋನ್ ಕಡೆಯಿಂದ ಹೊರಡುವುದು ಒಂದು ವೋಲ್ಟಿನ ಆಸುಪಾಸು. ರೇಡಿಯೋದ ಮೈಕಿಗೆ ಬೇಕಾದದ್ದು ಕೆಲವೇ ಮಿಲಿವೋಲ್ಟು. ನಡುವೆ 10 ಕಿಲೋಓಮಿನ ಒಂದು ರೆಸಿಸ್ಟರು, 100 ಓಮಿನ ಇನ್ನೊಂದು ಹಾಕಿದರೆ ಸದ್ದು ನೂರನೇ ಒಂದು ಪಾಲಿಗೆ ಇಳಿಯುತ್ತದೆ. ಇಷ್ಟಕ್ಕೇ ನಿಂತರೆ ಕಂಪ್ಯೂಟರಿನ ಅರ್ತು ರೇಡಿಯೋದ ಅರ್ತಿಗೆ ಕೂಡಿಕೊಂಡು 50 ಹರ್ಟ್ಸಿನ ಗುಂಯ್ ಶುರುವಾಗುತ್ತದೆ. ಅದನ್ನು ಕಡಿಯಲು 600 ಓಮಿನ, ಒಂದಕ್ಕೊಂದು ಸುತ್ತಿನ ಸಣ್ಣ ಟ್ರಾನ್ಸ್‌ಫಾರ್ಮರು ಬೇಕು. ಬೆಂಗಳೂರಿನ ಎಸ್.ಪಿ. ರೋಡಿನವರೆಗೆ ರೈಲು ಹತ್ತುವ ಮುಂಚೆ ಅಟ್ಟದ ಮೇಲೆ ಹುಡುಕಿ: ಟೆಲಿಫೋನ್ ವೈರಿನಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದ ಮೋಡೆಮ್ ಇದ್ದೀತು. ಅದನ್ನು ಬಿಚ್ಚಿ, ಫೋನಿನ ತೂತಿನ ಹಿಂದೆಯೇ ಕೂತಿರುವ, ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಚೌಕದ ತುಂಡನ್ನು ಸೀಸ ಕರಗಿಸಿ ಎತ್ತಿಕೊಳ್ಳಿ. ಎರಡಿದ್ದರೆ ಹೋಗುವುದಕ್ಕೊಂದು, ಬರುವುದಕ್ಕೊಂದು.

ಪ್ರಸಾರಕ್ಕೆ ರೇಡಿಯೋವನ್ನು ಎಬ್ಬಿಸುವ ಪಿಟಿಟಿಗೆ ಮೂರು ಮಾರ್ಗ. ಸದ್ದು ಕೇಳಿ ತಾನೇ ಏಳುವ ವಾಕ್ಸ್ ಭಕ್ತಿಮಾರ್ಗ. ಯುಎಸ್‌ಬಿ ಸೀರಿಯಲ್ ತುಂಡಿನ ಆರ್‌ಟಿಎಸ್ ಕಾಲಿನಿಂದ ಒಂದು ಆಪ್ಟೋಕಪ್ಲರ್ ದಾಟಿಸಿ ಒತ್ತಿಸುವುದು ಕರ್ಮಮಾರ್ಗ. ಕಂಪ್ಯೂಟರೇ ರೇಡಿಯೋಗೆ ಆಜ್ಞೆ ಕೊಡುವ ಕ್ಯಾಟ್ ಜ್ಞಾನಮಾರ್ಗ. ಮೂರರಿಂದಲೂ ಒಂದೇ ಫಲ.

ಪ್ರಮಾಣ ಪ್ರಕರಣ

ಎಲ್ಲರೂ ಮುಗ್ಗರಿಸುವುದು ಇಲ್ಲೇ, ಮತ್ತು ಒಂದೇ ಕಾರಣಕ್ಕೆ: ನಾವು ವಾಲ್ಯೂಮ್ ಏರಿಸುವ ಜನ. ಜಾತ್ರೆಯ ಮೈಕ್‌ಸೆಟ್ಟಿನವನು ಊರಾಚೆಯ ತೋಟಕ್ಕೂ ಕೇಳಿಸದಿದ್ದರೆ ಅಡ್ವಾನ್ಸು ವಾಪಸು ಕೊಡಬೇಕಾಗುತ್ತದೆ. ಆ ಸಂಸ್ಕಾರದಲ್ಲಿ ಬೆಳೆದವನ ಕೈಗೆ ಸ್ಲೈಡರು ಸಿಕ್ಕರೆ ಅದು ನೂರಕ್ಕೇ ಹೋಗುತ್ತದೆ. ಡಿಜಿಟಲ್ ಮೋಡಿನ ಶಾಸ್ತ್ರ ಆದಿಯಿಂದ ಅಂತ್ಯದವರೆಗೂ ಇಳಿಸುವ ಶಾಸ್ತ್ರ.

ಬರುವ ಸದ್ದಿನಿಂದ ಶುರು ಮಾಡೋಣ. ವಿಂಡೋಸಿನ ಸೌಂಡ್ ಸೆಟ್ಟಿಂಗಿಗೆ ಹೋಗಿ, ಮೈಕ್ ಬೂಸ್ಟ್ ಸೊನ್ನೆ ಮಾಡಿ. ಸದ್ದು ಚೆಂದಗಾಣಿಸುತ್ತೇವೆ ಎನ್ನುವ ಎನ್‌ಹ್ಯಾನ್ಸ್‌ಮೆಂಟುಗಳನ್ನೆಲ್ಲ ತೆಗೆದುಹಾಕಿ. ಹಿನ್ನೆಲೆಯ ಗದ್ದಲ ಅಳಿಸುವ ಸೌಲಭ್ಯ ಎಫ್‌ಟಿ8 ಅನ್ನೇ ಗದ್ದಲವೆಂದು ತಿಳಿದು ಅಳಿಸಿಬಿಡುತ್ತದೆ. 48,000, 16 ಬಿಟ್ ಆಯ್ದುಕೊಳ್ಳಿ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಎಫ್‌ಟಿ8 ತಂತ್ರಾಂಶ ತೆರೆದು, ಖಾಲಿ ಬ್ಯಾಂಡಿನ ಬರೀ ಹಿಸ್ಸಿಗೆ ಎಡಗಡೆಯ ಕಡ್ಡಿ 30 ಡೆಸಿಬೆಲ್ ಹತ್ತಿರ ನಿಲ್ಲುವಷ್ಟು ಮಟ್ಟ ಇಡಿ. ಪರದೆಯ ಮೇಲೆ ವಾಟರ್‌ಫಾಲ್ ಎಂಬ ಬಣ್ಣದ ಜಲಪಾತ ಇಳಿಯುತ್ತದೆ. ಕಲ್ಲತ್ತಿಗಿರಿ ಕಂಡ ತರೀಕೆರೆಯವರಿಗೆ ಇದು ಸಪ್ಪೆ ಎನಿಸಬಹುದು, ಸಪ್ಪೆಯಾಗಿದ್ದರೇ ಸರಿ. ಪರದೆಯೆಲ್ಲ ಕೆಂಪಗೆ ಉರಿಯುತ್ತಿದ್ದರೆ ಮಟ್ಟ ಜಾಸ್ತಿಯಾಗಿದೆ.

ಹೋಗುವ ಸದ್ದಿನದು ಇನ್ನೂ ಸೂಕ್ಷ್ಮ. ರೇಡಿಯೋದ ಮೀಟರಿನಲ್ಲಿ ಎಎಲ್‌ಸಿ ಎಂಬ ಅಳತೆ ಇದೆ. ಮಾತಾಡುವಾಗ ಅದರ ಮುಳ್ಳು ಅಷ್ಟಿಷ್ಟು ಆಡುತ್ತದೆ, ಡಿಜಿಟಲ್‌ನಲ್ಲಿ ಮಿಸುಕಬಾರದು. ಸ್ಪೀಚ್ ಪ್ರೊಸೆಸರ್ ಆಫ್. ಸ್ಲೈಡರನ್ನು ತಳದಿಂದ ನಿಧಾನವಾಗಿ ಏರಿಸುತ್ತ, ಪವರು ಏರುವುದು ನಿಂತ ಕಡೆಯಿಂದ ಒಂದಿಷ್ಟು ಹಿಂದಕ್ಕೆ ಬನ್ನಿ. ಮೀರಿದರೆ ಆಗುವುದೇನು? 700 ಹರ್ಟ್ಸಿನಲ್ಲಿ ಹಾಡಬೇಕಾದ ಸ್ವರ 1,400ರಲ್ಲೂ 2,100ರಲ್ಲೂ ತನ್ನ ಮರಿಗಳನ್ನು ಹಾಕುತ್ತದೆ. ಬಾಲಿಯವನೊಬ್ಬ ಎಷ್ಟೋ ಹೊತ್ತಿನಿಂದ ಹಿಡಿಯಲು ನೋಡುತ್ತಿದ್ದ ಸಣ್ಣ ಸಿಗ್ನಲಿನ ಮೇಲೆ ಅಜ್ಜಂಪುರದ ಮರಿ ಹೋಗಿ ಕೂರುತ್ತದೆ. ಸ್ವರವನ್ನು 1,500ರಿಂದ 2,000 ಹರ್ಟ್ಸಿನೊಳಗೆ ಇಟ್ಟರೆ ಮರಿ 3,000 ದಾಟಿ ರೇಡಿಯೋದ ಫಿಲ್ಟರಿಗೆ ಬಲಿಯಾಗುತ್ತದೆ. ತಂತ್ರಾಂಶದ ಸ್ಪ್ಲಿಟ್ ಎಂಬ ಆಯ್ಕೆ ಇದನ್ನು ತಾನೇ ನೋಡಿಕೊಳ್ಳುತ್ತದೆ, ಯಾರೂ ಅದನ್ನು ಒತ್ತುವುದಿಲ್ಲ. ಇನ್ನೊಂದು ಮಾತು: ಮಾತಿನಲ್ಲಿ ಉಸಿರಾಡಲು ಬಿಡುವಿರುತ್ತದೆ, ಎಫ್‌ಟಿ8ರಲ್ಲಿಲ್ಲ. 12.64 ಸೆಕೆಂಡೂ ಪೂರ್ತಿ ದುಡಿತ. ನೂರು ವಾಟಿನ ರೇಡಿಯೋವನ್ನು ಮೂವತ್ತು, ನಲವತ್ತರಲ್ಲಿ ಇಡುವವನೇ ಅದನ್ನು ಮಕ್ಕಳಿಗೆ ದಾಟಿಸುತ್ತಾನೆ.

ಕಾಲದೋಷವನ್ನೂ ಇಲ್ಲೇ ಹೇಳಿಬಿಡಬೇಕು. ಗಡಿಯಾರ ಒಂದೆರಡು ಸೆಕೆಂಡು ತಪ್ಪಿದರೆ ಎಫ್‌ಟಿ8 ಕಿವುಡಾಗುತ್ತದೆ. ಕರೆಂಟು ಹೋಗಿ, ಬೋರ್ಡಿನ ಬಿಲ್ಲೆ ಬ್ಯಾಟರಿಯೂ ಸತ್ತ ಹಳೆಯ ಕಂಪ್ಯೂಟರು ಎದ್ದಾಗ ಯಾವುದೋ ಶಕದಲ್ಲಿರುತ್ತದೆ. ತಂತಿ, ಕಾರ್ಡು, ರೇಡಿಯೋ ಎಲ್ಲ ಬಿಚ್ಚಿ ಕೂಡಿಸಿದ ಮೇಲೆ ಕೊನೆಗೆ ಕಣ್ಣಿಗೆ ಬೀಳುವುದು ಮೂಲೆಯಲ್ಲಿರುವ ಆ ತಾರೀಖು.

ದೋಷ ಪ್ರಕರಣ, ಸೀಮೆವಾರು

ಕಡೂರಿನದು ತೆಂಗಿನ ಬಯಲು. ಅಲ್ಲಿಯ ಮುಖ್ಯ ದೋಷ ಪಂಪ್‌ಸೆಟ್ಟು. ತ್ರೀಫೇಸ್ ಬಂದ ಗಳಿಗೆಯಲ್ಲಿ ಸುತ್ತಲಿನ ಬೋರುಗಳ ಸ್ಟಾರ್ಟರುಗಳೆಲ್ಲ ಟಪಟಪನೆ ಕಚ್ಚಿಕೊಂಡು ಜಲಪಾತದ ಮೇಲೆ ಅಡ್ಡಗೆರೆ ಬೀಳುತ್ತವೆ. ಮೆಸ್ಕಾಂನ ಪಾಳಿ ಗೊತ್ತಿರುವ ಹ್ಯಾಮು ಸಿಂಗಲ್ ಫೇಸ್ ಹೊತ್ತಿನಲ್ಲಿ ಕೂರುತ್ತಾನೆ. ತರೀಕೆರೆಯ ಕಾಡಂಚಿನ ತೋಟಗಳಲ್ಲಿ ಐಬೆಕ್ಸ್ ಎಂಬ ಕರೆಂಟು ಬೇಲಿ ಸೆಕೆಂಡಿಗೊಮ್ಮೆ ಟಕ್ ಎನ್ನುತ್ತದೆ. ಸೊಪ್ಪು ತಾಗಿದರೆ ಇನ್ನೂ ಜೋರು. ಇದು ಪಿಎಸ್‌ಕೆ31ಕ್ಕೆ ಮಾರಕ, ತಪ್ಪು ತಿದ್ದುವ ಗಣಿತ ಅದರಲ್ಲಿಲ್ಲದ ಕಾರಣ ನಡುನಡುವೆ ಅಕ್ಷರ ಹಾರಿ ಬೇರೇನೋ ಬೀಳುತ್ತದೆ. ಎಫ್‌ಟಿ8ರಲ್ಲಿ ಆ ಗಣಿತ ಇರುವುದರಿಂದ ಬೇಲಿಗೆ ಅದು ಸೊಪ್ಪು ಹಾಕುವುದಿಲ್ಲ. ಅಜ್ಜಂಪುರದ ಎದುರೇ ಬೆಂಗಳೂರು-ಹುಬ್ಬಳ್ಳಿ ರೈಲುಮಾರ್ಗ, ತಲೆಯ ಮೇಲೆ 25,000 ವೋಲ್ಟು. ಹಳಿಯ ಪಕ್ಕದ ಮನೆಯಲ್ಲಿ ರೈಲಿನ ವೇಳಾಪಟ್ಟಿಯನ್ನು ಹೆಡ್‌ಫೋನಿನಲ್ಲೇ ಓದಬಹುದು. ಊರಿಂದ ದೂರ, ಅಮೃತಮಹಲ್ ಕಾವಲಿನಂಥ ಬಯಲು ಸಿಕ್ಕರೆ ಬ್ಯಾಟರಿ ಕಟ್ಟಿಕೊಂಡು ಹೋಗಿ ಕೂರಬೇಕು ಎನಿಸುವುದು ಸಹಜ. ಅಪ್ಪಣೆ ಕೇಳಿ ಹೋಗಿ, ಆ ದನಗಳ ಕೊಂಬು ಉದ್ದ.

ಮೂರು ಸೀಮೆಗೂ ಸಮಾನವಾದ ದೋಷ ಮನೆಯೊಳಗೇ ಇದೆ. ಅಗ್ಗದ ಎಲ್‌ಇಡಿ ಬಲ್ಬು, ಯುಪಿಎಸ್, ಮೊಬೈಲ್ ಚಾರ್ಜರು. ಒಂದು ರಾತ್ರಿ ಮೇನ್ ಸ್ವಿಚ್ ಇಳಿಸಿ ರೇಡಿಯೋವನ್ನು ಬ್ಯಾಟರಿಯಲ್ಲಿ ಕೇಳಿ ನೋಡಿ. ಧಾರಾವಾಹಿಯ ಹೊತ್ತಿನಲ್ಲಿ ಬೇಡ.

ಚೌಕ ಪ್ರಕರಣ

ತಂತ್ರಾಂಶದಲ್ಲಿ ಕಾಲ್‌ಸೈನಿನ ಪಕ್ಕ ಗ್ರಿಡ್ ಎಂಬ ಕೋಷ್ಠಕವಿದೆ. ಹವ್ಯಾಸಿಗಳು ಭೂಮಿಯನ್ನು ಎರಡು ಡಿಗ್ರಿ ರೇಖಾಂಶ, ಒಂದು ಡಿಗ್ರಿ ಅಕ್ಷಾಂಶದ ಚೌಕಗಳಾಗಿ ಹಂಚಿಕೊಂಡಿದ್ದಾರೆ. ಈ ಹಂಚಿಕೆಯ ಒಂದು ಗೆರೆ, 76 ಡಿಗ್ರಿ ಪೂರ್ವ ರೇಖಾಂಶ, ನಮ್ಮ ಸೀಮೆಯ ನಡುವೆಯೇ ಹಾದಿದೆ. ತರೀಕೆರೆ ಎಂಕೆ73; ಕಡೂರು ಎಂಕೆ83. ಆರೇಳು ಕಿಲೋಮೀಟರ್ ಆಚೆಯ ಬೀರೂರು ಕಡೂರಿನ ಜತೆ ಇಲ್ಲ, ತರೀಕೆರೆಯ ಪಾಲು. ಅಜ್ಜಂಪುರ ಗೆರೆಯ ಮಗ್ಗುಲಲ್ಲೇ ಇರುವುದರಿಂದ ಅಲ್ಲಿಯವರು ಊರ ಹೆಸರು ನೋಡಿ ಹಾಕದೆ ಮನೆಯಂಗಳದಲ್ಲಿ ಮೊಬೈಲಿನ ಜಿಪಿಎಸ್ ತೋರಿಸಿದಂತೆ ಹಾಕಬೇಕು. ಹ್ಯಾಮುಗಳ ಭಾಷೆಯಲ್ಲಿ 73 ಎಂದರೆ ಶುಭ ಹಾರೈಕೆ. ತರೀಕೆರೆಯವರು ವಿಳಾಸದಲ್ಲೇ ಅದನ್ನು ಕಟ್ಟಿಕೊಂಡು ಹುಟ್ಟಿದ್ದಾರೆ. ಸಂಪರ್ಕ ಮುಗಿಸುವಾಗ ಎಲ್ಲರೂ ಕಳಿಸುವ ಆರ್‌ಆರ್73 ಕೂಡ ನಿಜವಾದ ಒಂದು ಚೌಕವೇ. ಅದು ಉತ್ತರ ಧ್ರುವದ ಸಮುದ್ರದಲ್ಲಿದೆ, ಅಲ್ಲಿ ಮನೆಗಳಿಲ್ಲ.

ಉಪಸಂಖ್ಯಾನ

ಎಫ್‌ಟಿ8ರಲ್ಲಿ ಸ್ವಂತ ಮಾತಿಗೆ ಸಿಗುವುದು 13 ಅಕ್ಷರ, ಅದೂ ರೋಮನ್ ಲಿಪಿಯಲ್ಲಿ. ಕಡೂರು ಐದರಲ್ಲಿ ಮುಗಿಯುತ್ತದೆ, ತರೀಕೆರೆ ಎಂಟು, ಅಜ್ಜಂಪುರ ಒಂಬತ್ತು. ಜಿಲ್ಲಾ ಕೇಂದ್ರಕ್ಕೆ 14 ಬೇಕು. ಕೊನೆಯ ಉಕಾರಕ್ಕೆ ಲೋಪ ಹೇಳಿ 'ಚಿಕ್ಕಮಗಳೂರ್' ಎಂದು ಕಳಿಸತಕ್ಕದ್ದು. ಸಖರಾಯಪಟ್ಟಣಕ್ಕೂ 14, ಅಲ್ಲಿ ಕೊನೆಯ ಅಕಾರ ಬಲಿ. ನೆರೆಯ ನರಸಿಂಹರಾಜಪುರಕ್ಕೆ 17 ಅಕ್ಷರ: ನರಸಿಂಹರಾಜರವರೆಗೆ ಸರಿಯಾಗಿ 13ಕ್ಕೆ ಹೋಗಿ ಪುರ ಈಚೆ ಉಳಿಯುತ್ತದೆ. ಅಲ್ಲಿಯ ಹ್ಯಾಮುಗಳು ಬಸ್ಸಿನ ಬೋರ್ಡಿನಲ್ಲಿರುವಂತೆ ಎನ್.ಆರ್.ಪುರ ಎಂದೇ ಹೊಡೆಯಲಿ.