ಅಭಾವ ಚತುಷ್ಟಯ: ಫ್ರೀಲ್ಯಾನ್ಸರ್ ದರ್ಶನಕ್ಕೊಂದು ಪ್ರವೇಶಿಕೆ

ಅನುಬಂಧ

ಯಾವುದೇ ಶಾಸ್ತ್ರ ಶುರುವಾಗುವ ಮೊದಲು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಈ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಪ್ರಸ್ತುತ ಶಾಸ್ತ್ರದ ವಿಷಯ: ಬಾರದ ಹಣ. ಪ್ರಯೋಜನ: ಬಾರದಿದ್ದರೂ ಬಾಳುವುದು. ಸಂಬಂಧ: ಹಣಕ್ಕೂ ನಮಗೂ ಇರಬೇಕಾಗಿದ್ದದ್ದು. ಅಧಿಕಾರಿ: ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಊಟದ ಮೇಜನ್ನೇ ಕಚೇರಿ ಮಾಡಿಕೊಂಡು, ಪದಕ್ಕಿಷ್ಟೆಂಬ ದರದಲ್ಲಿ ಇಂಗ್ಲಿಷನ್ನು ಕನ್ನಡಕ್ಕಿಳಿಸುವ, ಸೋದರತ್ತೆಯ ಲೆಕ್ಕದಲ್ಲಿ ಇನ್ನೂ ಕೆಲಸ ಹುಡುಕುತ್ತಿರುವ ಜೀವಿ.

ದಿನಚರ್ಯಾ ಪ್ರಕರಣ

“ಹೇಗೂ ಮನೇಲೇ ಇರ್ತೀರಲ್ಲ” ಎಂಬುದು ಈ ದರ್ಶನದ ಮಹಾವಾಕ್ಯ. ಇದರ ಬಲದಿಂದ ಇಡೀ ಮಹಡಿಯ ಕೊರಿಯರು, ಎದುರುಮನೆಯ ಗ್ಯಾಸ್ ಸಿಲಿಂಡರು, ಕೆಳಮನೆಗೆ ಬರಬೇಕಾದ ಪ್ಲಂಬರು ಎಲ್ಲವೂ ಅಧಿಕಾರಿಯ ಸುಪರ್ದಿಗೆ ಬರುತ್ತವೆ. ಶುಕ್ರವಾರ ಸಂಜೆ ಬಂದಿಳಿಯುವ ಕಡತಕ್ಕೆ ‘ಅರ್ಜೆಂಟ್’ ಎಂದು ಹೆಸರು. ಸೋಮವಾರ ಬೆಳಿಗ್ಗೆ ಅದನ್ನು ಒಪ್ಪಿಸಿದ ಕ್ಷಣವೇ ಅರ್ಜೆಂಟುತನ ಲಯವಾಗುತ್ತದೆ. ಬಿಲ್ಲಿಗೆ ಅದು ಅಂಟುವುದಿಲ್ಲ.

ಒಪ್ಪಿಸಿದ ಮೇಲೂ ಒಂದು ಸಂಸ್ಕಾರ ಬಾಕಿ. “ಸಾರ್, ನಮ್ಮ ಡಿಟಿಪಿಯವ್ರಿಗೆ ಯೂನಿಕೋಡ್ ಬರಲ್ವಂತೆ, ನುಡಿಗೆ ಮಾಡ್ಕೊಡಿ, ಒಂದು ಬಟನ್ ಅಷ್ಟೇ.” ಬಟನ್ ಒಂದೇ, ನಿಜ. ಒತ್ತಿದ ಮೇಲೆ ಅರ್ಕಾವತ್ತುಗಳು ಮನೆ ಬದಲಿಸಿರುತ್ತವೆ. ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಕೊಂಬು, ದೀರ್ಘ, ಒತ್ತುಗಳ ರಾಶಿಯಾಗಿ ಬಿದ್ದಿರುತ್ತವೆ. ಒಂದೊಂದನ್ನೇ ಹೆಕ್ಕಿ ಕೂರಿಸುವಷ್ಟರಲ್ಲಿ ಊಟದ ಮೇಜು ಊಟಕ್ಕೆ ಬೇಕಾಗಿರುತ್ತದೆ. ಬಟನ್ನಿಗೆ ಬಿಲ್ ಹಾಕುವುದು ಅಶಾಸ್ತ್ರೀಯ.

ಅಭಾವ ಪ್ರಕರಣ

ಇಲ್ಲದಿರುವುದು ಕಣ್ಣಿಗೇ ಕಾಣುತ್ತದೆಂದು ನೈಯಾಯಿಕರೂ, ಇಲ್ಲ, ಅದನ್ನು ತಿಳಿಯಲು ಅನುಪಲಬ್ಧಿಯೆಂಬ ಬೇರೆಯೇ ಪ್ರಮಾಣ ಬೇಕೆಂದು ಭಾಟ್ಟ ಮೀಮಾಂಸಕರೂ ವಾದಿಸಿದರು. ಬ್ಯಾಂಕಿನ ಆ್ಯಪ್ ತೆರೆದವರು ಸಾರಾಸಗಟಾಗಿ ನೈಯಾಯಿಕರ ಪಕ್ಷ. 17ನೇ ಶತಮಾನದ ಅನ್ನಂಭಟ್ಟ ‘ತರ್ಕಸಂಗ್ರಹ’ದಲ್ಲಿ ಅಭಾವವನ್ನು ನಾಲ್ಕು ಬಗೆಯಾಗಿ ಎಣಿಸಿದ್ದಾನೆ. ನಮ್ಮ ಅಧಿಕಾರಿಗೆ ನಾಲ್ಕೂ ಸಿದ್ಧಿಸಿವೆ.

ಪ್ರಾಗಭಾವ: ಗಡಿಗೆ ಹುಟ್ಟುವ ಮುಂಚಿನದು. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು. “ಈ ವಾರ ಹಾಕಿಸ್ಬಿಡ್ತೀವಿ” ಎನ್ನಿಸಿಕೊಂಡ ಬಿಲ್ಲು ಇಲ್ಲಿ ಸೇರುತ್ತದೆ.

ಪ್ರಧ್ವಂಸಾಭಾವ: ಗಡಿಗೆ ಒಡೆದ ಮೇಲಿನದು. ಆದಿಯುಂಟು, ಅಂತ್ಯವಿಲ್ಲ. ಹಣ ಬಂತೆಂಬ ಎಸ್ಸೆಮ್ಮೆಸ್ಸಿನ ಬೆನ್ನಿಗೇ ಲ್ಯಾಪ್‌ಟಾಪಿನ ಇಎಂಐ ಹೋಯಿತೆಂಬ ಎಸ್ಸೆಮ್ಮೆಸ್.

ಅನ್ಯೋನ್ಯಾಭಾವ: ಗಡಿಗೆಯು ಬಟ್ಟೆಯಲ್ಲ, ಬಿಲ್ಲಿನ ಮೊತ್ತವು ಬಂದ ಮೊತ್ತವಲ್ಲ. ವೃತ್ತಿಪರ ಶುಲ್ಕಕ್ಕೆ ಟಿಡಿಎಸ್ 10% ಮುರಿದು 60,000 ರೂಪಾಯಿ 54,000 ಆಗಿ ಕೈಸೇರುತ್ತದೆ. ತೆರಿಗೆ ಬೀಳದಿದ್ದರೆ ಮಿಕ್ಕ 6,000 ರಿಟರ್ನ್ ಸಲ್ಲಿಸಿದ ಮೇಲೆ ಮರಳುತ್ತದೆ. ಇದು ಪುನರ್ಜನ್ಮದ ವಿಷಯವಾದ್ದರಿಂದ ಇಲ್ಲಿ ಚರ್ಚಿಸುವುದಿಲ್ಲ.

ಅತ್ಯಂತಾಭಾವ: ಮೂರು ಕಾಲದಲ್ಲೂ ಇಲ್ಲದ್ದು. ಗಿರಾಕಿಯ ಪ್ರೊಫೈಲ್ ಚಿತ್ರ ಮಾಯವಾಗಿ, ನಾವು ಕಳಿಸಿದ ವಾಟ್ಸಾಪ್ ಒಂದೇ ಟಿಕ್ಕಿನಲ್ಲಿ ನಿಂತಿರುವುದು ಇದರ ಲಕ್ಷಣ.

ಸಿದ್ಧಾಂತವಿಷ್ಟೇ: ನಿರಾಶೆ ಅಭಾವದಿಂದ ಹುಟ್ಟುವುದಲ್ಲ, ನಾಲ್ಕನೆಯದನ್ನು ಮೊದಲನೆಯದೆಂದು ಭ್ರಮಿಸಿ ಕಾಯುವುದರಿಂದ ಹುಟ್ಟುವುದು. “ಕೊಡಲ್ಲ” ಎಂದು ಬಾಯಿಬಿಟ್ಟು ಹೇಳುವ ಗಿರಾಕಿ ಸಿಕ್ಕಿದ್ದರೆ ಈ ಶಾಸ್ತ್ರವೇ ಬೇಕಿರಲಿಲ್ಲ.

ಪೂರ್ವಪಕ್ಷ: ಕಾನೂನಿದೆಯಲ್ಲ? 2006ರ ಎಂಎಸ್‌ಎಂಇಡಿ ಕಾಯ್ದೆಯಂತೆ ಉದ್ಯಮ್ ನೋಂದಣಿ ಇರುವ ಸಣ್ಣವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ.

ಉತ್ತರ: ಕೇಳಿದವನಿಗೆ ಬಡ್ಡಿ ಸಿಕ್ಕೀತು, ಮುಂದಿನ ಕಡತ ಸಿಗದು. ಆದ್ದರಿಂದಲೇ ‘ಜೆಂಟಲ್ ರಿಮೈಂಡರ್’ ಎಂಬ ಸ್ತೋತ್ರಪಾಠ ಶಿಷ್ಟಾಚಾರವಾಗಿ ಉಳಿದಿದೆ.

ಹವ್ಯಾಸ ಪ್ರಕರಣ

ಕಾಯುವ ಹೊತ್ತಿನಲ್ಲಿ ಹವ್ಯಾಸ ವಿಹಿತ. ಆದರೆ ಅದು ಕಳಪೆಯಾಗಿರತಕ್ಕದ್ದು. ಇದು ಕಟ್ಟುನಿಟ್ಟಾದ ವಿಧಿ. ತಾರಸಿಯಲ್ಲಿ ಟೊಮ್ಯಾಟೊ ಚೆನ್ನಾಗಿ ಬೆಳೆದವರಿಗೆ “ವರ್ಕ್‌ಶಾಪ್ ಮಾಡಿ” ಎನ್ನುತ್ತಾರೆ. ಫೋಟೊ ಚೆನ್ನಾಗಿ ತೆಗೆದವರನ್ನು ನಾಮಕರಣಕ್ಕೆ ಕರೆದು ಹೋಳಿಗೆ ಬಡಿಸಿ ಕಳಿಸುತ್ತಾರೆ. ಹವ್ಯಾಸ ಚೆನ್ನಾಯಿತೆಂದರೆ ದರ ಹುಟ್ಟಿತು, ದರದ ಹಿಂದೆ ಬಿಲ್ಲು, ಬಿಲ್ಲಿನ ಹಿಂದೆ ಪ್ರಾಗಭಾವ.

ಆದಕಾರಣ ಅಧಿಕಾರಿಯು ಕೊಳಲನ್ನು ಆಶ್ರಯಿಸಬೇಕು. ರಂಧ್ರಗಳನ್ನು ಬೆರಳಿನ ತುದಿಯಿಂದಲ್ಲ, ತಿರುಳಿನಿಂದ ಮುಚ್ಚಿ, ತುಟಿ ಓರೆ ಮಾಡಿ ಊದಿದರೆ ಮೊದಲಿಗೆ ಬರುವುದು ಬರೀ ಗಾಳಿ, ಆಮೇಲೆ ತಲೆಸುತ್ತು. ಬಹಳ ಕಾಲದ ಸಾಧನೆಯ ನಂತರ ಮಾಯಾಮಾಳವಗೌಳದ ಸರಳೆ ವರಸೆಯಲ್ಲಿ ಮೇಲಿನ ಷಡ್ಜ ಮುಟ್ಟುವಾಗ, ಪಕ್ಕದ ಮನೆಯವರು ಬಾಗಿಲು ತಟ್ಟಿ “ನಿಮ್ಮ ಕುಕ್ಕರ್ ವಾಷರ್ ಹೋಗಿದೆ ಅನ್ಸುತ್ತೆ” ಎಂದರೆ ಹವ್ಯಾಸ ಸುರಕ್ಷಿತವೆಂದು ತಿಳಿಯಬೇಕು. ಈ ಅಪಸ್ವರವನ್ನು ಯಾರೂ ನಾಳೆಯೊಳಗೆ ಬೇಕೆಂದು ಕೇಳುವುದಿಲ್ಲ. ಇನ್ನಷ್ಟು ಅಪಸ್ವರ ಬೇಕಿತ್ತೆಂದು ತಿದ್ದುಪಡಿಗೂ ಕಳಿಸುವುದಿಲ್ಲ.

ಫಲಶ್ರುತಿ

ತಿಂಗಳ ಕೊನೆಯಲ್ಲಿ ಇದನ್ನು ಪಠಿಸಿದವರಿಗೆ ಹಣ ಬರುವುದಿಲ್ಲ, ವಿವೇಕ ಬರುತ್ತದೆ. ಪ್ರಾಗಭಾವವಾದರೆ ಫೋನು ಮಾಡಲಿ. ಪ್ರಧ್ವಂಸವಾದರೆ ಹೊಸ ಕಡತ ತೆರೆಯಲಿ. ಅನ್ಯೋನ್ಯವಾದರೆ ಆಡಿಟರನ್ನು ಕಾಣಲಿ. ಅತ್ಯಂತಾಭಾವವಾದರೆ ನಂಬರು ಅಳಿಸಲಿ. ಅಳಿಸುವ ಮುನ್ನ, ಆ ಗಿರಾಕಿಗೆ ಮೇಲಿನ ಷಡ್ಜವನ್ನೊಮ್ಮೆ ಊದಿ ವಾಯ್ಸ್ ಮೆಸೇಜ್ ಕಳಿಸಲಡ್ಡಿಯಿಲ್ಲ.